ಮುಷ್ಕರ ಹೂಡಲು ಕೆಲಸವೇ ಇಲ್ಲದವರು: ಪಿಂಚಣಿದಾರರು ಎಲ್ಲಿ ಗೆದ್ದರು, ಎಲ್ಲಿ ಸೋತರು?

ಹಳೇ ಲೆಡ್ಜರ್

ಬಹಳ ದಿನದಿಂದ ಒಂದು ಪ್ರಶ್ನೆ ತಲೆ ಕೊರೆಯುತ್ತಿದೆ. ಕಾರ್ಖಾನೆಯವರು ಸಿಟ್ಟಾದರೆ ಯಂತ್ರ ನಿಲ್ಲುತ್ತದೆ. ಬಸ್ಸಿನವರು ಸಿಟ್ಟಾದರೆ ಊರೇ ನಿಲ್ಲುತ್ತದೆ. ನಿವೃತ್ತರು ಸಿಟ್ಟಾದರೆ ಏನು ನಿಲ್ಲುತ್ತದೆ? ಬಿಡಲು ಕೆಲಸವಿಲ್ಲ, ಎಳೆಯಲು ಬಾಗಿಲಿಲ್ಲ. ಹಾಗಿದ್ದೂ ಎಷ್ಟೋ ದೇಶಗಳಲ್ಲಿ ಅವರು ಬೀದಿಗೆ ಬಂದಿದ್ದಾರೆ. ಕೆಲವು ಕಡೆ ಗೆದ್ದೂ ಇದ್ದಾರೆ. ಹೇಗೆ ಗೆದ್ದರು ಅಂತ ಎಲ್ಲರೂ ಸೇರಿ ನೋಡೋಣ.

ನನಗೆ ಗೊತ್ತಿರುವುದರಿಂದ ಶುರು ಮಾಡುತ್ತೇನೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಸಂಸತ್ತಿನ ಮುಂದೆ ನಿವೃತ್ತರು ಬುಧವಾರ ಬುಧವಾರ ಸೇರುತ್ತಾರೆ. 1990ರ ದಶಕದ ಆರಂಭದಲ್ಲಿ ಹುಟ್ಟಿಕೊಂಡ ರೂಢಿ ಇದು. ಆಗ ನೋರ್ಮಾ ಪ್ಲಾ ಅನ್ನುವ ಹೆಂಗಸು ಮುಂದಾಳು. 1991ರಲ್ಲಿ ಆಕೆ ಆಗಿನ ಆರ್ಥಿಕ ಸಚಿವ ದೊಮಿಂಗೊ ಕವಾಲ್ಯೊ ಎದುರು ನಿಂತು ಮುಖಕ್ಕೆ ಮುಖ ಕೊಟ್ಟು ಮಾತಾಡಿದರು. ಸಚಿವರ ಕಣ್ಣಲ್ಲಿ ನೀರು ಬಂತು. ಇಡೀ ದೇಶ ಟಿವಿಯಲ್ಲಿ ನೋಡಿತು. ನೋರ್ಮಾ ಪ್ಲಾ 1996ರಲ್ಲಿ ತೀರಿಕೊಂಡರು. ಮುಂದೆ 2001ರ ಜುಲೈ ಬಂತು. ಅದೇ ಕವಾಲ್ಯೊ ಮತ್ತೆ ಆರ್ಥಿಕ ಸಚಿವ. ಆ ಸರ್ಕಾರ ನೌಕರರ ಸಂಬಳಕ್ಕೂ ಪಿಂಚಣಿಗೂ ಶೇ 13ರಷ್ಟು ಕತ್ತರಿ ಹಾಕಿತು. ಅಂದು ಅತ್ತವರೇ ಇಂದು ಕತ್ತರಿಸಿದರು. ಅಧಿಕಾರದಲ್ಲಿರುವವರ ಕಣ್ಣೀರನ್ನು ನಾನು ಜಮಾ ಕಡೆ ಬರೆಯುವುದಿಲ್ಲ. ಪುಸ್ತಕದಲ್ಲಿ ಅಂಕಿ ಏನಾಯಿತು, ಅಷ್ಟೇ ನೋಡುತ್ತೇನೆ.

ಈಗಿನ ಕಥೆಯೂ ಅದೇ. 2024ರ ಆಗಸ್ಟ್‌ನಲ್ಲಿ ಅಲ್ಲಿನ ಸಂಸತ್ತು ಪಿಂಚಣಿಯನ್ನು ಶೇ 8.1ರಷ್ಟು ಹೆಚ್ಚಿಸುವ ಮಸೂದೆ ಒಪ್ಪಿತು. ಅಧ್ಯಕ್ಷ ಹಾವಿಯೆರ್ ಮಿಲೇ ವೀಟೊ ಹಾಕಿ ಅದನ್ನು ತಡೆದರು. ವೀಟೊ ಮುರಿಯಲು ಬೇಕಾದ ಮೂರನೇ ಎರಡರಷ್ಟು ಮತ ಸೆಪ್ಟೆಂಬರ್‌ನಲ್ಲಿ ಸಿಗಲಿಲ್ಲ. ಇನ್ನೊಂದು ಸಣ್ಣ ವಿಷಯ ನನ್ನಂಥ ಲೆಕ್ಕಪತ್ರದವರ ಕಣ್ಣಿಗೆ ಬೀಳುತ್ತದೆ. ಕನಿಷ್ಠ ಪಿಂಚಣಿಯವರಿಗೆ ತಿಂಗಳಿಗೆ 70,000 ಪೆಸೊ ಬೋನಸ್ ಇದೆ. 2024ರ ಮಾರ್ಚ್‌ನಲ್ಲಿ ಅಷ್ಟಿತ್ತು. ಆಮೇಲೆ ತಿಂಗಳ ಮೇಲೆ ತಿಂಗಳು ಹಾಗೇ ಉಳಿಯಿತು. ಬೆಲೆ ಮಾತ್ರ ಏರುತ್ತಲೇ ಹೋಯಿತು. ಕಡಿತ ಅಂತ ಯಾವ ಆದೇಶದಲ್ಲೂ ಇಲ್ಲ. ಆದರೂ ಕಡಿತವೇ ಅಲ್ವಾ ಅದು?

ಮೂರನೇ ಬೆಂಚು

ಸರ್, ನಮಸ್ಕಾರ. ನಾನಿನ್ನೂ ಕೆಲಸಕ್ಕೆ ಸೇರಿ ಮೂರು ವರ್ಷ. ಈ ವಿಷಯ ನನಗೆ ದೂರದ್ದು ಅಂತಲೇ ಅಂದುಕೊಂಡಿದ್ದೆ. ಸ್ಪೇನ್ ಬಗ್ಗೆ ಓದಿದ ಮೇಲೆ ಬದಲಾದೆ.

ಅಲ್ಲಿ 2013ರ ಸುಧಾರಣೆಯಲ್ಲಿ ಒಂದು ಸೂತ್ರ ಬಂತು. ಬೆಲೆ ಎಷ್ಟೇ ಏರಲಿ, ವ್ಯವಸ್ಥೆ ನಷ್ಟದಲ್ಲಿದ್ದರೆ ಪಿಂಚಣಿ ವರ್ಷಕ್ಕೆ ಶೇ 0.25 ಮಾತ್ರ ಹೆಚ್ಚುತ್ತದೆ. 2018ರ ಆರಂಭದಲ್ಲಿ ಸರ್ಕಾರ ಪ್ರತಿ ಪಿಂಚಣಿದಾರರಿಗೂ ಹೆಚ್ಚಳದ ಪತ್ರ ಕಳಿಸಿತು. ಕಾಲು ಪರ್ಸೆಂಟಿನ ಹೆಚ್ಚಳ! ಎಷ್ಟೋ ಜನರಿಗೆ ತಿಂಗಳಿಗೆ ಎರಡು ಮೂರು ಯೂರೊ. ಪತ್ರ ಓದಿದವರಿಗೆ ಹೊಟ್ಟೆ ಉರಿಯಿತು. ಬಿಲ್ಬಾವೊ ನಗರದಲ್ಲಿ ಆ ಜನವರಿಯಿಂದ ಸೋಮವಾರ ಸೋಮವಾರ ನಗರಸಭೆ ಕಟ್ಟಡದ ಮುಂದೆ ಸೇರತೊಡಗಿದರು. ಒಂದು ದಿನ ಬಂದು ಕೂಗಿ ಹೋಗಲಿಲ್ಲ. ವರ್ಷಗಟ್ಟಲೆ ಬಂದರು. 2021ರ ಕೊನೆಯಲ್ಲಿ ಹೊಸ ಕಾನೂನು ಬಂತು. ಪಿಂಚಣಿ ಮತ್ತೆ ಬೆಲೆ ಸೂಚ್ಯಂಕದ ಜೊತೆ ಏರುವಂತಾಯಿತು.

ನಿಲ್ಲಿಸಲು ಕೆಲಸವಿಲ್ಲ ಅಂದಿರಲ್ಲ ಸರ್. ಅವರ ಹತ್ತಿರ ಬೇರೆ ಒಂದು ಇತ್ತು. ಸಮಯ. ದುಡಿಯುವವರು ನಾಲ್ಕು ದಿನ ಮುಷ್ಕರ ಮಾಡಿದರೆ ಸಂಬಳ ಹೋಗುತ್ತದೆ. ನಿವೃತ್ತರು ಇನ್ನೂರು ಸೋಮವಾರ ಬಂದರೂ ಯಾರೂ ಸಂಬಳ ಹಿಡಿಯಲು ಆಗುವುದಿಲ್ಲ.

ಗಣಿತದ ಮೇಷ್ಟ್ರು

ನಾನು ಸ್ವಲ್ಪ ಎದುರು ಮಾತಾಡುತ್ತೇನೆ. ಬೇಸರ ಬೇಡ.

ಹೋರಾಟಕ್ಕೆ ನನ್ನ ಗೌರವವಿದೆ. ಆದರೆ ದುಡ್ಡು ಎಲ್ಲಿಂದ ಬರಬೇಕು ಅನ್ನುವುದನ್ನೂ ಯಾರಾದರೂ ಕೇಳಬೇಕಲ್ಲ. ಬಹಳ ದೇಶಗಳಲ್ಲಿ ಪಿಂಚಣಿ ಅಂದರೆ ಇಂದು ದುಡಿಯುವವರ ವಂತಿಗೆ ಇಂದೇ ನಿವೃತ್ತರ ಕೈಗೆ ಹೋಗುವುದು. ತಿಜೋರಿಯಲ್ಲಿ ನಿಮ್ಮ ಹೆಸರಿನ ಚೀಲ ಇರುವುದಿಲ್ಲ. ಹುಟ್ಟುವವರು ಕಡಿಮೆಯಾಗಿ, ಬದುಕುವ ವರ್ಷ ಜಾಸ್ತಿಯಾದರೆ ಲೆಕ್ಕ ಕೂಡಿ ಬರಲ್ಲ.

ಜರ್ಮನಿಯಲ್ಲಿ ಆಗಿನ ಚಾನ್ಸಲರ್ ಬಿಸ್ಮಾರ್ಕ್ 1889ರಲ್ಲಿ ವೃದ್ಧಾಪ್ಯ ವಿಮೆ ತಂದಾಗ ವಯಸ್ಸು 70 ಇತ್ತು. 65 ಅಂತ ತುಂಬಾ ಕಡೆ ಬರೆಯುತ್ತಾರೆ, ತಪ್ಪು. 65ಕ್ಕೆ ಇಳಿದದ್ದು 1916ರಲ್ಲಿ. ಆ ಕಾಲದಲ್ಲಿ 70 ಮುಟ್ಟುವವರೇ ಕಡಿಮೆ. ಬ್ರಿಟನ್ನಿನಲ್ಲೂ 1908ರ ಕಾನೂನು 70 ದಾಟಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ 5 ಶಿಲಿಂಗ್ ಕೊಟ್ಟಿತು. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿ ಅನ್ನುವ ಸರ್ಕಾರಿ ಪಿಂಚಣಿ ಯೋಜನೆಯ ಮೊದಲ ಮಾಸಿಕ ಚೆಕ್ 1940ರ ಜನವರಿಯಲ್ಲಿ ಐಡಾ ಮೇ ಫುಲ್ಲರ್ ಅನ್ನುವವರಿಗೆ ಹೋಯಿತು. 22.54 ಡಾಲರ್. ಆಕೆ ಕಟ್ಟಿದ್ದ ವಂತಿಗೆ ಒಟ್ಟು 24.75 ಡಾಲರ್. ಆಕೆ ನೂರು ವರ್ಷ ಬದುಕಿದರು. ಸುಮಾರು 22,900 ಡಾಲರ್ ಪಡೆದರು. ಒಳ್ಳೆಯದೇ ಆಯಿತು. ಆದರೆ ಎಲ್ಲರಿಗೂ ಹಾಗೆ ಕೊಡಲು ಆಗುತ್ತದಾ?

ಡೆನ್ಮಾರ್ಕ್ 2025ರ ಮೇ ತಿಂಗಳಲ್ಲಿ ಪಿಂಚಣಿ ವಯಸ್ಸನ್ನು 2040ಕ್ಕೆ 70 ಮಾಡುವ ಕಾನೂನು ಒಪ್ಪಿತು. ಅದು ಜನರನ್ನು ಕಂಡರಾಗದ ಸರ್ಕಾರ ಅಂತ ಯಾರೂ ಹೇಳಲ್ಲ. ಅವರೂ ಕೂಡಿಸಿ ಕಳೆದು ನೋಡಿಯೇ ಆ ತೀರ್ಮಾನಕ್ಕೆ ಬಂದಿದ್ದಾರೆ.

ನಸುಕಿನ ಹಕ್ಕಿ

ಮೇಷ್ಟ್ರೇ, ಲೆಕ್ಕ ಕೂಡಿ ಬರಲ್ಲ ಅಂತಲೇ ಒಂದು ದೇಶ ಪೂರ್ತಿ ಬೇರೆ ದಾರಿ ಹಿಡಿಯಿತು. ಅಲ್ಲಿ ಏನಾಯಿತು ಹೇಳುತ್ತೇನೆ.

ಚಿಲಿ. 1981. ಪಿನೊಚೆಟ್‌ನ ಸೇನಾ ಆಡಳಿತ. ಪಿಂಚಣಿ ಸರ್ಕಾರದ ಕೆಲಸವಲ್ಲ, ನಿನ್ನ ದುಡ್ಡು ನೀನೇ ಕೂಡಿಡು ಅಂದರು. ಪ್ರತಿಯೊಬ್ಬರೂ ಸಂಬಳದ ಶೇ 10ನ್ನು ಖಾಸಗಿ ನಿಧಿ ಕಂಪನಿಗೆ ಕಟ್ಟಬೇಕು. ಮಾಲೀಕರು ಕಟ್ಟಬೇಕಾಗಿಲ್ಲ. ನಿಧಿ ಕಂಪನಿಗಳಿಗೆ ಎಎಫ್‌ಪಿ ಅಂತ ಹೆಸರು. ಜಗತ್ತೆಲ್ಲ ಇದನ್ನು ಮಾದರಿ ಅಂತ ಹೊಗಳಿತು. ಎಷ್ಟೋ ದೇಶಗಳು ನಕಲು ಮಾಡಿದವು.

ಆ ಪೀಳಿಗೆ ನಿವೃತ್ತಿಯಾಗುವ ಹೊತ್ತಿಗೆ ಕೈಗೆ ಬಂದದ್ದು ಚೂರುಪಾರು. ಕಾರಣ ಸರಳ. ಕೆಲಸ ಇದ್ದಾಗ ಮಾತ್ರ ವಂತಿಗೆ. ಕೆಲಸ ತಪ್ಪಿದ ತಿಂಗಳು ಸೊನ್ನೆ. ಹೆರಿಗೆ, ಮಕ್ಕಳು, ಮನೆಯಲ್ಲಿ ಕಾಯಿಲೆಯವರ ಆರೈಕೆ ಅಂತ ಹೆಂಗಸರ ಖಾತೆಯಲ್ಲಿ ಸೊನ್ನೆಗಳೇ ಜಾಸ್ತಿ. "ಇನ್ನು ಎಎಫ್‌ಪಿ ಬೇಡ" ಅನ್ನುವ ಚಳವಳಿ ಹುಟ್ಟಿತು. 2016ರಲ್ಲಿ ಲಕ್ಷಾಂತರ ಜನ ಮೆರವಣಿಗೆ ಬಂದರು. 2019ರಲ್ಲಿ ದೇಶವೇ ಹೊತ್ತಿ ಉರಿದಾಗ ಪಿಂಚಣಿಯೂ ಮುಖ್ಯ ಬೇಡಿಕೆಗಳಲ್ಲಿ ಒಂದು. 2022ರಲ್ಲಿ ಬಹುಪಾಲು ಹಿರಿಯರಿಗೆ ಸರ್ಕಾರವೇ ಕೊಡುವ ಖಾತ್ರಿ ಪಿಂಚಣಿ ಬಂತು. 2025ರ ಜನವರಿಯಲ್ಲಿ ಮಾಲೀಕರೂ ವಂತಿಗೆ ಕಟ್ಟಬೇಕು ಅಂತ ಸಂಸತ್ತು ಒಪ್ಪಿತು. ನಲವತ್ತು ವರ್ಷ ಬಿಟ್ಟು ಜವಾಬ್ದಾರಿ ತಿರುಗಿ ಸರ್ಕಾರದ ಮತ್ತು ಮಾಲೀಕರ ಹೆಗಲಿಗೇ ಬಂತು.

ಇನ್ನೊಂದು ಮಾತು. ಆ ಹೊಸ ಪದ್ಧತಿಯನ್ನು ಎಲ್ಲರ ಮೇಲೆ ಹೇರಿದ ಸೇನೆ ತನ್ನನ್ನೂ ಪೊಲೀಸರನ್ನೂ ಮಾತ್ರ ಹಳೆಯದರಲ್ಲೇ ಇಟ್ಟುಕೊಂಡಿತು. ಅಷ್ಟು ಒಳ್ಳೆಯದಾಗಿದ್ದರೆ ತಾವೇ ಮೊದಲು ಸೇರಬೇಕಿತ್ತು. ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕಾನೂನು ಓದಿದವಳು

ನಸುಕಿನ ಹಕ್ಕಿಯವರು ಹೇಳಿದ್ದು ಓದಿ ಭಾರತದ ನೆನಪಾಯಿತು. ಕೇಂದ್ರ ಸರ್ಕಾರ 2004ರ ಜನವರಿ 1ರಿಂದ ಸೇರುವವರಿಗೆ, ಮಾರುಕಟ್ಟೆಗೆ ತಕ್ಕಂತೆ ಏರಿಳಿಯುವ ಹೊಸ ಪಿಂಚಣಿ ಯೋಜನೆ ತಂದಾಗ ಸಶಸ್ತ್ರ ಪಡೆಗಳನ್ನು ಹೊರಗಿಟ್ಟಿತು. ಸೈನಿಕರಿಗೆ ಖಚಿತ ಪಿಂಚಣಿ ಇರುವುದು ಸರಿಯೇ. ಆದರೆ ಉಳಿದವರಿಗೆ ಮಾರುಕಟ್ಟೆಯ ಏರಿಳಿತ ಯಾಕೆ ಅನ್ನುವ ಪ್ರಶ್ನೆ ಉಳಿಯಿತು. ನೌಕರರು ಆ ಪ್ರಶ್ನೆಯನ್ನು ಬಿಡಲಿಲ್ಲ. ಅದಕ್ಕೇ 2025ರ ಏಪ್ರಿಲ್‌ನಿಂದ ಏಕೀಕೃತ ಪಿಂಚಣಿ ಯೋಜನೆ ಬಂತು. 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ಖಚಿತ. ಖಾಸಗಿ ಕಂಪನಿಗಳಲ್ಲಿ ದುಡಿದವರ ಪಿಂಚಣಿ ಯೋಜನೆ ಇಪಿಎಸ್-95ರಲ್ಲಿ ಕನಿಷ್ಠ ಪಿಂಚಣಿ 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಅಂತ ಆಯಿತು. ಅದನ್ನು ಹೆಚ್ಚಿಸಿ ಅಂತ ಅವರು ವರ್ಷಗಳಿಂದ ಧರಣಿ ಕೂರುತ್ತಿದ್ದಾರೆ.

ನಾನು ಹೇಳಬೇಕು ಅಂತಿರುವುದು ಕೋರ್ಟಿನ ವಿಷಯ. 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ನಕಾರಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಪಿಂಚಣಿ ದಾನವಲ್ಲ, ಕೊಡುವವರ ಮರ್ಜಿಯೂ ಅಲ್ಲ, ದುಡಿದದ್ದಕ್ಕೆ ಸಲ್ಲಬೇಕಾದದ್ದು ಅಂತ ಅದರ ಸಾರ. ಆ ದಿನವನ್ನು ಪಿಂಚಣಿದಾರರ ದಿನ ಅಂತ ಆಚರಿಸುತ್ತಾರೆ. ಗ್ರೀಸ್‌ನಲ್ಲೂ 2015ರ ಜೂನ್‌ನಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ 2012ರ ಪಿಂಚಣಿ ಕಡಿತ ಸಂವಿಧಾನಕ್ಕೆ ವಿರುದ್ಧ ಅಂದಿತು.

ಮೇಷ್ಟ್ರೇ, ವಯಸ್ಸು ಏರಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಮುಂಚೆ ಹೇಳಿ ಅನ್ನುತ್ತಿದ್ದೇನೆ. ಬ್ರಿಟನ್ನಿನಲ್ಲಿ 1950ರ ದಶಕದಲ್ಲಿ ಹುಟ್ಟಿದ ಹೆಂಗಸರದ್ದು ಇದೇ ಗೋಳು. ಅವರ ಪಿಂಚಣಿ ವಯಸ್ಸು 60ರಿಂದ 65ಕ್ಕೆ ಹೋಗುತ್ತದೆ ಅಂತ 1995ರಲ್ಲೇ ಕಾನೂನಾಯಿತು. 2011ರಲ್ಲಿ ಅದನ್ನು ಇನ್ನೂ ಬೇಗ ಮಾಡಿದರು. ಆದರೆ ಎಷ್ಟೋ ಜನರಿಗೆ ಸರಿಯಾದ ಪತ್ರವೇ ಹೋಗಿರಲಿಲ್ಲ. 60 ಹತ್ತಿರ ಬಂದಾಗ ಗೊತ್ತಾಯಿತು. ಅವರು ವಾಸ್ಪಿ ಅಂತ ಸಂಘಟನೆ ಕಟ್ಟಿಕೊಂಡರು. 2024ರ ಮಾರ್ಚ್‌ನಲ್ಲಿ ಅಲ್ಲಿನ ಓಂಬುಡ್ಸ್‌ಮನ್, ಅಂದರೆ ಸರ್ಕಾರದ ಮೇಲಿನ ದೂರು ವಿಚಾರಿಸುವ ಅಧಿಕಾರಿ, ತಪ್ಪಾಗಿದೆ, ಪರಿಹಾರ ಕೊಡಿ ಅಂದರು. 1,000ದಿಂದ 2,950 ಪೌಂಡ್ ಅನ್ನುವ ಮಟ್ಟವನ್ನೂ ಸೂಚಿಸಿದರು. ಡಿಸೆಂಬರ್‌ನಲ್ಲಿ ಸರ್ಕಾರ, ತಪ್ಪು ಒಪ್ಪಿಕೊಂಡಿತು, ದುಡ್ಡು ಕೊಡಲ್ಲ ಅಂದಿತು.

ಇಟಲಿಯಲ್ಲಿ 2011ರ ಡಿಸೆಂಬರ್‌ನಲ್ಲಿ ಇನ್ನೂ ಕೆಟ್ಟದ್ದಾಯಿತು. ಒಪ್ಪಂದ ಮಾಡಿಕೊಂಡು ಕೆಲಸ ಬಿಟ್ಟವರಿದ್ದರು. ಇನ್ನು ಸ್ವಲ್ಪ ದಿನದಲ್ಲಿ ಪಿಂಚಣಿ ಶುರು ಅಂತ ಕಾಯುತ್ತಿದ್ದರು. ಅಷ್ಟರಲ್ಲಿ ವಯಸ್ಸು ಏರಿತು. ಸಂಬಳವೂ ಇಲ್ಲ, ಪಿಂಚಣಿಯೂ ಇಲ್ಲ. ಅಂಥವರಿಗೆ ಅಲ್ಲಿ "ಎಸೊದಾತಿ" ಅಂತ ಹೆಸರೇ ಬಿತ್ತು. ಆ ಸುಧಾರಣೆ ಘೋಷಿಸುವಾಗ ಸಚಿವೆ ಎಲ್ಸಾ ಫೊರ್ನೇರೊ ಮಾತು ಮುಗಿಸಲಾಗದೆ ಅತ್ತರು. ಲೆಡ್ಜರ್ ಸರ್ ಹೇಳಿದ ಹಾಗೆ ಅದೂ ಜಮಾ ಆಗಲಿಲ್ಲ.

ಗಣಿತದ ಮೇಷ್ಟ್ರು

ಮುಂಚೆ ಹೇಳಬೇಕು ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಚಿಲಿಯ ವಿಷಯವೂ ನನ್ನ ಬಾಯಿ ಕಟ್ಟಿಸಿತು.

ಸ್ವೀಡನ್ನಿನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. 1994ರಲ್ಲಿ ಐದು ಪಕ್ಷಗಳು ಒಟ್ಟಿಗೆ ಕೂತು ಪಿಂಚಣಿ ವ್ಯವಸ್ಥೆ ಬದಲಿಸಲು ಒಪ್ಪಿಕೊಂಡವು. 1999ರಿಂದ ಪ್ರತಿ ವರ್ಷ ಮನೆ ಮನೆಗೆ ಒಂದು ಕಿತ್ತಳೆ ಬಣ್ಣದ ಲಕೋಟೆ ಬರುತ್ತದೆ. ನೀನು ಇಲ್ಲಿಯವರೆಗೆ ಎಷ್ಟು ಗಳಿಸಿದ್ದೀಯ, ಮುಂದೆ ಎಷ್ಟು ಸಿಗಬಹುದು ಅಂತ ಅದರಲ್ಲಿ ಇರುತ್ತದೆ. ದುಡ್ಡು ಸಾಲದಿದ್ದರೆ ತಾನಾಗಿಯೇ ಬ್ರೇಕ್ ಬೀಳುವ ಸೂತ್ರವೂ ಇದೆ. 2010ರಲ್ಲಿ ಬ್ರೇಕ್ ಬಿದ್ದು ಪಿಂಚಣಿ ಇಳಿದೂ ಇತ್ತು. ಸಿಹಿಯಲ್ಲ. ಆದರೆ ನಿಯಮ ಮೊದಲೇ ಗೊತ್ತಿತ್ತು.

ಬೀದಿಗಿಳಿದವರೆಲ್ಲ ಸರಿ ಅಂತಲೂ ಅಲ್ಲ. ಅಮೆರಿಕದಲ್ಲಿ 1988ರಲ್ಲಿ ಹಿರಿಯರ ದೊಡ್ಡ ಆಸ್ಪತ್ರೆ ಖರ್ಚಿಗೆ ಹೊಸ ವಿಮಾ ಸೌಲಭ್ಯ ತಂದರು. ಅದರ ಖರ್ಚನ್ನು ಹಿರಿಯರೇ, ಅದರಲ್ಲೂ ಅನುಕೂಲಸ್ಥರು ಹೆಚ್ಚಾಗಿ, ಕೊಡಬೇಕಿತ್ತು. 1989ರ ಆಗಸ್ಟ್‌ನಲ್ಲಿ ಷಿಕಾಗೊದಲ್ಲಿ ಸಂಸದ ಡ್ಯಾನ್ ರೊಸ್ಟೆಂಕೌಸ್ಕಿಯ ಕಾರನ್ನು ವಯಸ್ಸಾದವರು ಸುತ್ತುವರಿದರು. ಒಬ್ಬ ಅಜ್ಜಿ ಬಾನೆಟ್ ಮೇಲೇ ಹತ್ತಿ ಹಿಡಿದುಕೊಂಡರು. ಸಂಸದರು ಕಾರಿನಿಂದ ಇಳಿದು ಓಡಿದರು. ಅದೇ ವರ್ಷ ಕಾನೂನು ರದ್ದಾಯಿತು. ತೆರಿಗೆ ಹೋಯಿತು, ಅದರ ಜೊತೆ ಹಿರಿಯರಿಗೆ ಸಿಗಬೇಕಿದ್ದ ಆ ಆಸ್ಪತ್ರೆ ಸೌಲಭ್ಯವೂ ಹೋಯಿತು. ಗೆದ್ದರು ಅನ್ನಬೇಕಾ?

ರೈಲುಹಳಿ

ಮೇಷ್ಟ್ರ ಉದಾಹರಣೆ ಸರಿ. ಅದಕ್ಕೆ ಎದುರಾಗಿ ರಷ್ಯಾ ನೋಡಿ.

2005ರ ಜನವರಿ 1ರಿಂದ ಅಲ್ಲಿ ಪಿಂಚಣಿದಾರರ ಉಚಿತ ಬಸ್ಸು, ಔಷಧಿಯಂಥ ಸೌಲಭ್ಯ ತೆಗೆದು ಬದಲಿಗೆ ನಗದು ಅಂದರು. ಹೊಸ ವರ್ಷದ ರಜೆ ಮುಗಿದು ಜನ ಮನೆಯಿಂದ ಹೊರಗೆ ಬಂದರು. ಎಂದಿನ ಬಸ್ಸು ಹತ್ತಿದರು. ಕಂಡಕ್ಟರ್ ಟಿಕೆಟ್ ಕೇಳಿದರು. ಅಲ್ಲಿಯವರೆಗೆ ಕಾಗದದಲ್ಲಿದ್ದ ಕಾನೂನು ಆ ಬಸ್ಸಿನ ಮೆಟ್ಟಿಲ ಮೇಲೆ ನಿಜವಾಯಿತು. ಜನವರಿ 10ರಂದು ಮಾಸ್ಕೊ ಪಕ್ಕದ ಖಿಮ್ಕಿಯಲ್ಲಿ ಹೆದ್ದಾರಿಯನ್ನೇ ಅಡ್ಡಗಟ್ಟಿದರು. ಸೇಂಟ್ ಪೀಟರ್ಸ್‌ಬರ್ಗ್ ಸೇರಿ ಊರೂರಿಗೆ ಹಬ್ಬಿತು. ಅಷ್ಟು ಬಿಗಿ ಆಡಳಿತವೂ ಬಗ್ಗಿತು. ಪಿಂಚಣಿ ಏರಿಕೆ ಮುಂಚೆ ಮಾಡಿದರು, ಹಲವು ಕಡೆ ಕಡಿಮೆ ದರದ ಪಾಸು ಕೊಟ್ಟರು.

2018ರಲ್ಲಿ ಅದೇ ಸರ್ಕಾರ ಹುಷಾರಾಗಿತ್ತು. ಜೂನ್ 14, ವಿಶ್ವಕಪ್ ಫುಟ್ಬಾಲ್ ಶುರುವಾಗುವ ದಿನ. ಅವತ್ತೇ ಪಿಂಚಣಿ ವಯಸ್ಸು ಏರಿಸುವ ಘೋಷಣೆ. ಗಂಡಸರಿಗೆ 60ರಿಂದ 65, ಹೆಂಗಸರಿಗೆ 55ರಿಂದ 63. ಅಲ್ಲಿನ ಗಂಡಸರ ಸರಾಸರಿ ಆಯಸ್ಸೇ ಆಗ ಸುಮಾರು 67. ಪ್ರತಿಭಟನೆ ನಡೆಯಿತು. ಆಗಸ್ಟ್‌ನಲ್ಲಿ ಪುಟಿನ್ ಟಿವಿಗೆ ಬಂದು ಹೆಂಗಸರಿಗೆ 60 ಸಾಕು ಅಂದರು. ಉಳಿದದ್ದು ಹಾಗೇ ಜಾರಿಯಾಯಿತು.

ನಿಕರಾಗುವಾ ಬಗ್ಗೆ ಬರೆಯಲು ಕೈ ನಡುಗುತ್ತದೆ. 2018ರ ಏಪ್ರಿಲ್. ಪಿಂಚಣಿಯಲ್ಲಿ ಶೇ 5 ಕಡಿತ, ವಂತಿಗೆ ಹೆಚ್ಚಳ. ಅಜ್ಜ ಅಜ್ಜಿಯರ ಜೊತೆ ವಿದ್ಯಾರ್ಥಿಗಳು ಬಂದರು. ಗುಂಡು ಹಾರಿತು. ಏಪ್ರಿಲ್ 22ಕ್ಕೆ ಸರ್ಕಾರ ಆದೇಶ ಹಿಂದೆ ತೆಗೆದುಕೊಂಡಿತು. ಅಷ್ಟರಲ್ಲಿ ಜನ ಸತ್ತಿದ್ದರು. ಮುಂದಿನ ತಿಂಗಳುಗಳಲ್ಲಿ ಸತ್ತವರ ಸಂಖ್ಯೆ 300 ದಾಟಿತು. ಆದೇಶ ಹೋಯಿತು, ಮಕ್ಕಳೂ ಹೋದರು.

ದೀಪದ ಕಂಬ

ನಾನು ದೇಶಗಳ ಕಥೆ ಹೇಳುವಷ್ಟು ಓದಿಲ್ಲ. ನಮ್ಮ ಮನೆಯದು ಹೇಳಲಾ?

ಅಪ್ಪ 38 ವರ್ಷ ಲೇಥ್ ಯಂತ್ರದ ಮುಂದೆ ನಿಂತವರು. ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ತೋರಿಸಬೇಕು. ಈ ಸಲ ಬೆರಳಚ್ಚು ಯಂತ್ರ ಅಪ್ಪನ ಬೆರಳು ಓದಲಿಲ್ಲ. ಹೆಬ್ಬೆರಳು ಇಟ್ಟರು, ಕೆಂಪು ದೀಪ. ತೋರುಬೆರಳು, ಕೆಂಪು. ಒರೆಸಿಕೊಂಡು ಹತ್ತೂ ಬೆರಳು ಇಟ್ಟರು. ಕಬ್ಬಿಣದ ಪುಡಿ, ಎಣ್ಣೆ, ಕೂಲಂಟ್ ತಾಗಿ ತಾಗಿ ಆ ಬೆರಳುಗಳ ಗೆರೆ ಸವೆದು ಹೋಗಿದೆ. ಮುಟ್ಟಿದರೆ ಗಾಜಿನ ಹಾಗೆ ನುಣ್ಣಗಿವೆ. ಕೌಂಟರಿನವರು "ಮ್ಯಾಚ್ ಆಗ್ತಿಲ್ಲ, ಇನ್ನೊಂದು ದಿನ ಬನ್ನಿ" ಅಂದರು. ಮೂರು ಸಲ ಹೋದೆವು. ಮೂರು ತಿಂಗಳು ಪಿಂಚಣಿ ನಿಂತಿದೆ.

ದುಡಿದೇ ಸವೆದ ಬೆರಳು ಅದು. ದುಡಿದದ್ದಕ್ಕೆ ಬರಬೇಕಾದ ದುಡ್ಡು ಆ ಬೆರಳಿನಿಂದಲೇ ನಿಂತುಹೋಗಿದೆ. ಮನೆಗೆ ಬಂದ ಮೇಲೆ ಅಪ್ಪ ಸುಮ್ನೆ ಕೈ ನೋಡಿಕೊಂಡು ಕೂತಿದ್ದರು. ನನಗೆ ಅದನ್ನು ಮರೆಯಲು ಆಗುತ್ತಿಲ್ಲ.

ಮೂರನೇ ಬೆಂಚು

ಅಕ್ಕ, ಓದಿ ಗಂಟಲು ಕಟ್ಟಿತು.

ಯುವಕರಿಗೆ ಇದರಲ್ಲಿ ಏನಿದೆ ಅಂತ ನನ್ನ ಸ್ನೇಹಿತರು ಕೇಳುತ್ತಾರೆ. ವಂತಿಗೆ ನಮ್ಮದು, ಪಿಂಚಣಿ ಅವರದು ಅನ್ನುತ್ತಾರೆ. ಫ್ರಾನ್ಸ್ ನೋಡಿ ಅನ್ನುತ್ತೇನೆ. 2023ರಲ್ಲಿ ವಯಸ್ಸನ್ನು 62ರಿಂದ 64 ಮಾಡಲು ಹೊರಟಾಗ ಬೀದಿಯಲ್ಲಿ ಇದ್ದವರು ಹೆಚ್ಚಾಗಿ ಇನ್ನೂ ದುಡಿಯುವವರು, ವಿದ್ಯಾರ್ಥಿಗಳು. ಮಾರ್ಚ್ 16ರಂದು ಸರ್ಕಾರ ಸಂವಿಧಾನದ 49.3ನೇ ವಿಧಿ ಬಳಸಿ ಕೆಳಮನೆಯಲ್ಲಿ ಮತಕ್ಕೆ ಹಾಕದೆಯೇ ಮಸೂದೆ ದಾಟಿಸಿತು. ಜನ ಪಾತ್ರೆ ಬಡಿದರು. ಸೋತ ಹಾಗೆಯೇ ಕಂಡಿತು. ಆದರೆ ಸಿಟ್ಟು ಆರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಪ್ರಧಾನಿ ಲೆಕೊರ್ನು ಅದನ್ನು 2027ರ ಅಧ್ಯಕ್ಷ ಚುನಾವಣೆವರೆಗೆ ತಡೆಹಿಡಿಯುತ್ತೇವೆ ಅನ್ನಬೇಕಾಯಿತು.

ಲೆಡ್ಜರ್ ಸರ್ ಹೇಳಿದ ಅರ್ಜೆಂಟೀನಾದ ಬುಧವಾರಗಳಿಗೆ 2025ರಲ್ಲಿ ಒಂದು ತಿರುವು ಬಂತು. ಮಾರ್ಚ್‌ನಲ್ಲಿ ಪೊಲೀಸರು ನಿವೃತ್ತರ ಮೇಲೆ ಕೈ ಮಾಡಿದ್ದು ನೋಡಿ ಫುಟ್ಬಾಲ್ ಅಭಿಮಾನಿಗಳು ಕೆರಳಿದರು. ಮಾರ್ಚ್ 12ರ ಬುಧವಾರ ಬೇರೆ ಬೇರೆ ಕ್ಲಬ್ಬಿನವರು, ಪಂದ್ಯದ ದಿನ ಒಬ್ಬರ ಮುಖ ಒಬ್ಬರು ನೋಡದವರು, ತಮ್ಮ ತಮ್ಮ ಜೆರ್ಸಿ ಹಾಕಿಕೊಂಡು ಅಜ್ಜಂದಿರ ಪಕ್ಕ ನಿಂತರು. ನಿವೃತ್ತರ ಪರ ನಿಲ್ಲದವನು ಹೇಡಿ ಅಂತ ಮರಡೋನಾ 1990ರ ದಶಕದಲ್ಲಿ ಹೇಳಿದ್ದನ್ನು ನೆನಪಿಸಿಕೊಂಡರು. ಅವತ್ತು ಅಶ್ರುವಾಯು, ರಬ್ಬರ್ ಗುಂಡು ಎಲ್ಲ ಬಂತು. ನೂರಕ್ಕೂ ಹೆಚ್ಚು ಜನರನ್ನು ಹಿಡಿದರು. ಒಬ್ಬ ಯುವ ಛಾಯಾಗ್ರಾಹಕನ ತಲೆಗೆ ಅಶ್ರುವಾಯು ಶೆಲ್ ಬಡಿದು ಸಾವು ಬದುಕಿನ ನಡುವೆ ಒದ್ದಾಡಿದ. ಆಮೇಲೂ ಬುಧವಾರಗಳು ನಿಲ್ಲಲಿಲ್ಲ.

ಹಳೇ ಲೆಡ್ಜರ್

ಎಲ್ಲರದ್ದೂ ಎರಡೆರಡು ಸಲ ಓದಿದೆ.

ಮೇಷ್ಟ್ರೇ, ಫುಲ್ಲರ್ ಅಮ್ಮನ ಚೆಕ್ಕಿನ ಹಿಂದೆಯೂ ಒಂದು ಚಳವಳಿ ಇದೆ. 1933ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಫ್ರಾನ್ಸಿಸ್ ಟೌನ್‌ಸೆಂಡ್ ಅನ್ನುವ ವಯಸ್ಸಾದ ವೈದ್ಯರು ಪತ್ರಿಕೆಗೆ ಒಂದು ಕಾಗದ ಬರೆದರು. 60 ದಾಟಿದವರಿಗೆ ತಿಂಗಳಿಗೆ 200 ಡಾಲರ್ ಕೊಡಿ, ಅವರು ಅದನ್ನು ತಿಂಗಳೊಳಗೇ ಖರ್ಚು ಮಾಡಲಿ, ಮಾರುಕಟ್ಟೆಯೂ ಏಳುತ್ತದೆ ಅಂತ. ನೀವು ಲೆಕ್ಕ ಹಾಕಿದರೆ ಅದು ಕೂಡಿ ಬರಲ್ಲ, ನನಗೂ ಗೊತ್ತು. ಆದರೆ ದೇಶದ ತುಂಬ ಟೌನ್‌ಸೆಂಡ್ ಕ್ಲಬ್ಬುಗಳು ಎದ್ದವು. ಸಂಸತ್ತಿಗೆ ಅರ್ಜಿಗಳ ರಾಶಿ ಬಿತ್ತು. ಆ ಒತ್ತಡದ ನಡುವೆಯೇ ಅಧ್ಯಕ್ಷ ರೂಸ್‌ವೆಲ್ಟ್ 1935ರ ಆಗಸ್ಟ್ 14ರಂದು ಸೋಷಿಯಲ್ ಸೆಕ್ಯುರಿಟಿ ಕಾನೂನಿಗೆ ಸಹಿ ಹಾಕಿದರು. ಕೇಳಿದಷ್ಟು ಸಿಗಲಿಲ್ಲ. ಆದರೆ ಕೇಳದೆ ಇದ್ದಿದ್ದರೆ ಅಷ್ಟಾದರೂ ಸಿಗುತ್ತಿತ್ತಾ?

ದುಡ್ಡು ಎಲ್ಲಿಂದ ಅನ್ನುವ ನಿಮ್ಮ ಪ್ರಶ್ನೆ ನ್ಯಾಯದ್ದು. ನನ್ನ ತಕರಾರು ಬೇರೆ. ಬ್ಯಾಂಕಿಗೆ, ಸಾಲ ಕೊಟ್ಟವರಿಗೆ, ಗುತ್ತಿಗೆದಾರರಿಗೆ ಕೊಡಬೇಕಾದದ್ದು ಬಂದಾಗ ಸರ್ಕಾರ ಅದನ್ನು ಬಾಕಿ ಅನ್ನುತ್ತದೆ. ನಿವೃತ್ತರದ್ದು ಬಂದಾಗ ಖರ್ಚು ಅನ್ನುತ್ತದೆ. ಲೆಡ್ಜರಿನಲ್ಲಿ ಬಾಕಿಗೂ ಖರ್ಚಿಗೂ ಬೇರೆ ಬೇರೆ ಪುಟ. ಖರ್ಚನ್ನು ಕಡಿಮೆ ಮಾಡಬಹುದು. ಬಾಕಿಯನ್ನು ತೀರಿಸಬೇಕು. 38 ವರ್ಷ ಲೇಥ್ ಮುಂದೆ ನಿಂತವರದ್ದು ಯಾವ ಪುಟಕ್ಕೆ ಸೇರಬೇಕು?

ಗ್ರೀಸ್‌ನಲ್ಲಿ ಈ ತಪ್ಪು ಪುಟದ ಫಲ ಕಣ್ಣಾರೆ ಕಂಡಿತು. 2012ರ ಏಪ್ರಿಲ್ 4ರಂದು 77 ವರ್ಷದ ನಿವೃತ್ತ ಔಷಧಿ ವ್ಯಾಪಾರಿಯೊಬ್ಬರು ಅಥೆನ್ಸಿನ ಸಂಸತ್ತಿನ ಎದುರಿನ ಸಿಂಟಗ್ಮಾ ಚೌಕದಲ್ಲಿ ಪ್ರಾಣ ಕಳೆದುಕೊಂಡರು. 2015ರಲ್ಲಿ ಬ್ಯಾಂಕುಗಳು ಮುಚ್ಚಿದವು. ಎಟಿಎಂನಿಂದ ದಿನಕ್ಕೆ 60 ಯೂರೊ ಮಾತ್ರ. ಕಾರ್ಡ್ ಇಲ್ಲದ ಹಿರಿಯರಿಗಾಗಿ ಜುಲೈ 1ರಂದು ಸುಮಾರು ಸಾವಿರ ಶಾಖೆ ತೆರೆದರು. ವಾರಕ್ಕೆ 120 ಯೂರೊ. ಥೆಸಲೋನಿಕಿಯಲ್ಲಿ ಒಬ್ಬ ಹಿರಿಯರು ಬ್ಯಾಂಕಿನ ಮುಂದೆ ನೆಲದ ಮೇಲೆ ಕುಸಿದು ಕೂತು ಅಳುತ್ತಿದ್ದ ಚಿತ್ರ ನೀವೂ ನೋಡಿರುತ್ತೀರಿ. ಪಕ್ಕದಲ್ಲಿ ಪಾಸ್‌ಬುಕ್ ಬಿದ್ದಿತ್ತು. 2016ರ ಅಕ್ಟೋಬರ್‌ನಲ್ಲಿ ಮೆರವಣಿಗೆ ಬಂದ ನಿವೃತ್ತರ ಮೇಲೆ ಪೊಲೀಸರು ಖಾರದ ಸ್ಪ್ರೇ ಹೊಡೆದರು. ದೇಶವೆಲ್ಲ ಛೀ ಅಂದ ಮೇಲೆ ಸರ್ಕಾರವೇ ಇನ್ನು ನಿವೃತ್ತರ ಮೇಲೆ ಅಂಥದ್ದು ಬಳಸಬಾರದು ಅಂತ ಹೇಳಿತು.

ಲೆಬನಾನ್‌ನದ್ದು ಇನ್ನೊಂದು ಬಗೆ. ಅಲ್ಲಿ ಪಿಂಚಣಿ ಕತ್ತರಿಸಲೇ ಇಲ್ಲ. 2019ರ ನಂತರ ಹಣವೇ ಶೇ 90ಕ್ಕಿಂತ ಜಾಸ್ತಿ ಬೆಲೆ ಕಳೆದುಕೊಂಡಿತು. 2023ರ ಮಾರ್ಚ್‌ನಲ್ಲಿ ಸರ್ಕಾರಿ ಕಚೇರಿಗೆ ನುಗ್ಗಲು ಹೋದವರಲ್ಲಿ ನಿವೃತ್ತ ಸೈನಿಕರಿದ್ದರು. ಅಶ್ರುವಾಯು ಹಾರಿಸಿದವರು ಅವರ ಮಕ್ಕಳ ವಯಸ್ಸಿನವರು. ಅದಕ್ಕೇ ನಾನು ಹೇಳುವುದು: ಎಷ್ಟು ಕೊಡುತ್ತೀರಿ ಅಂತ ಕೇಳಿದರೆ ಸಾಲದು, ಬೆಲೆ ಏರಿದಾಗ ಏನು ಮಾಡುತ್ತೀರಿ ಅಂತಲೂ ಕೇಳಬೇಕು. ಸ್ಪೇನಿನವರು ಕೇಳಿದ್ದು ಅದನ್ನೇ.

ನನ್ನ ಮೊದಲ ಪ್ರಶ್ನೆಗೆ ಮೂರನೇ ಬೆಂಚಿನವರು ಸಮಯ ಅಂದರು. ಸರಿ. ನಾನು ಇನ್ನೊಂದು ಸೇರಿಸುತ್ತೇನೆ, ಮತ. ಬ್ರಿಟನ್ನಿನ ಸರ್ಕಾರ 2024ರ ಜುಲೈನಲ್ಲಿ ಬಹುಪಾಲು ಪಿಂಚಣಿದಾರರ ಚಳಿಗಾಲದ ಇಂಧನ ಭತ್ಯೆ ನಿಲ್ಲಿಸಿತು. ಮುಂದಿನ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಪೆಟ್ಟು ಬಿತ್ತು. ಜೂನ್‌ನಲ್ಲಿ ವರ್ಷಕ್ಕೆ 35,000 ಪೌಂಡ್ ಒಳಗಿನ ಆದಾಯದವರಿಗೆ ವಾಪಸ್ ಕೊಟ್ಟಿತು.

ಕಾನೂನು ಓದಿದವಳು

ದೀಪದ ಕಂಬದ ಅಕ್ಕನಿಗೆ ಒಂದು ಮಾತು. ಬೆರಳು ಓದದಿದ್ದರೆ ಕಣ್ಣಿನ ಪಾಪೆ ಅಥವಾ ಮುಖ ಗುರುತಿಸುವ ವ್ಯವಸ್ಥೆ ಇರುತ್ತದೆ. ಅದೂ ಆಗದಿದ್ದರೆ ಕಾಗದದ ಮೇಲೆ ಅಧಿಕಾರಿಯ ಸಹಿಯಿಂದ ಪ್ರಮಾಣಪತ್ರ ಕೊಡಬಹುದು. ಇನ್ನೊಂದು ದಿನ ಬನ್ನಿ ಅಂದರೆ ಹಾಗೇ ವಾಪಸ್ ಬಂದುಬಿಡಬೇಡಿ. ಬೆರಳು ಓದುತ್ತಿಲ್ಲ ಅಂತ ಅರ್ಜಿ ಬರೆದು ಕೊಡಿ, ನಕಲಿನ ಮೇಲೆ ತಾರೀಕು ಹಾಕಿಸಿ ಸೀಲ್ ತಗೊಳ್ಳಿ. ನಿಂತ ತಿಂಗಳುಗಳ ಬಾಕಿಯನ್ನೂ ಅದೇ ಅರ್ಜಿಯಲ್ಲಿ ಕೇಳಿ.

ಗಣಿತದ ಮೇಷ್ಟ್ರು

ಬಾಕಿ, ಖರ್ಚು ಬೇರೆ ಪುಟ ಅನ್ನುವುದು ನಾಟಿತು ಲೆಡ್ಜರ್ ಅವರೇ. ಪುಟ ಬದಲಿಸಿದ ಮಾತ್ರಕ್ಕೆ ದುಡ್ಡು ಹುಟ್ಟಲ್ಲ ಅಂತ ಈಗಲೂ ಹೇಳುತ್ತೇನೆ. ಆದರೆ ಯಾರದ್ದನ್ನು ಮೊದಲು ತೀರಿಸಬೇಕು ಅನ್ನುವುದು ಬದಲಾಗುತ್ತದೆ. ಅದನ್ನು ನಾನು ಯೋಚಿಸಿರಲಿಲ್ಲ.

ದೀಪದ ಕಂಬ

ಹೇಳಿದ ಹಾಗೆ ಮಾಡಿದೆವು. ಅರ್ಜಿ ಬರೆದುಕೊಂಡು ಹೋದೆ. ಸೀಲ್ ಕೇಳಿದ ಕೂಡಲೇ ಒಳಗಿನಿಂದ ಇನ್ನೊಂದು ಯಂತ್ರ ಬಂತು. ಅಪ್ಪ ಕನ್ನಡಕ ತೆಗೆದು ಅದರೊಳಗೆ ನೋಡಿದರು. ಹಸಿರು ದೀಪ. ಎರಡೇ ನಿಮಿಷ. ಮೂರು ತಿಂಗಳದ್ದು ಸೇರಿಸಿ ಮುಂದಿನ ತಿಂಗಳು ಹಾಕುತ್ತಾರಂತೆ.

ಹೊರಗೆ ಬರುವಾಗ ಸಾಲಿನಲ್ಲಿ ಇನ್ನೂ ಮೂರು ಜನ ಬೆರಳು ಒರೆಸಿಕೊಳ್ಳುತ್ತಾ ನಿಂತಿದ್ದರು. ಅಪ್ಪ ಮನೆಗೆ ಬರಲೇ ಇಲ್ಲ. ನನ್ನ ಹತ್ತಿರ ಪೆನ್ನು ಇಸಕೊಂಡು ಅಲ್ಲೇ ಬೆಂಚಿನ ಮೇಲೆ ಕೂತು, ಒಬ್ಬೊಬ್ಬರದ್ದೇ ಅರ್ಜಿ ಬರೆದುಕೊಡುತ್ತಿದ್ದಾರೆ. ನಾನೂ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.